ತೊಲೆಯೊಳಗಿನ ಹಂಪಮ್ಮ

“ನಾನು ಇವತ್ತು ಸುಳ್ಳು ಹೇಳಿಲ್ಲ. ಖರೇನೂ ಹೇಳಿಲ್ಲ. ಇವೆರಡರ ನಡುವೆ ಮೂರನೆಯದೊಂದು ಜಾತಿ ಇದೆಯೇ? ಇದ್ದರೆ ನಾನು ಅದಕ್ಕೆ ಸೇರಿದವಳು.”

ಯುಗಾದಿ ಕಳೆದ ನಾಲ್ಕನೆಯ ದಿನ ಶಿವಕುಮಾರಿ ಡೈರಿಯಲ್ಲಿ ಇಷ್ಟು ಬರೆದು ಪೆನ್ನಿಗೆ ಮುಚ್ಚಳ ಹಾಕಿದಳು. ಮತ್ತೆ ಮುಚ್ಚಳ ತೆಗೆದು ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟಳು. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದವಳು, ಖಾತ್ರಿಯಿಲ್ಲದ ಜೀವಿಯ ಮುಂದೆ ಪ್ರಶ್ನಾರ್ಥಕ ಹಾಕಬೇಕೆಂಬ ಶಿಸ್ತು ಇತ್ತು.

ಅವಳು ಮಾತಿನ ವಿಷಯದಲ್ಲಿ ಬಹಳ ಕಂಜೂಸ್. ಮಸ್ಕಿಯಿಂದ ಸಿಂಧನೂರಿಗೆ ಮೂರು ವರ್ಷ ಬಸ್ಸಿನಲ್ಲಿ ಓಡಾಡಿ ಕಲಿತಳಲ್ಲ, ಆ ಮೂರು ವರ್ಷದಲ್ಲಿ ಒಮ್ಮೆಯೂ ಕಂಡಕ್ಟರನಿಗೆ “ಇಲ್ಲೇ ನಿಲ್ಲಸ್ರಿ” ಅಂದವಳಲ್ಲ. ಬೇರೆ ಯಾರಾದರೂ ಕಾಲೇಜಿನ ಮುಂದೆ ಇಳಿದರೆ ಇಳಿಯುತ್ತಿದ್ದಳು. ಇಲ್ಲದಿದ್ದರೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಅಕ್ಕಿ ಗಿರಣಿಗಳ ತೌಡಿನ ಧೂಳು ಕುಡಿಯುತ್ತ ಹಿಂದಕ್ಕೆ ನಡೆದು ಬರುತ್ತಿದ್ದಳು.

ಅವತ್ತು ನಡೆದದ್ದು ಇಷ್ಟೇ. ಮಧ್ಯಾಹ್ನ ಮೂರು ಗಂಟೆಗೆ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಅಜ್ಜಿಯ ಕುಟ್ಟಣಿಯಲ್ಲಿ ಎಲೆ ಅಡಿಕೆ ಕುಟ್ಟಿದ್ದಳು.

ಕುಟ್ಟಣಿ ಅಂದರೆ ಹಲ್ಲಿಲ್ಲದವರ ಹಲ್ಲು. ಅಂಗೈಯಗಲದ ಕಬ್ಬಿಣದ ಬಟ್ಟಲು, ಅದಕ್ಕೊಂದು ಗೇಣುದ್ದದ ಸಲಾಕೆ. ಅಜ್ಜಿ ಹಂಪಮ್ಮನಿಗೆ ನಲವತ್ತಕ್ಕೇ ಹಲ್ಲು ಹೋಗಿದ್ದವು. ಎಂಬತ್ತೊಂದರವರೆಗೆ ಆಕೆ ಜಗಿದದ್ದೆಲ್ಲ ಈ ಕುಟ್ಟಣಿಯಿಂದಲೇ. ನಾಲ್ಕು ಸಲ ಜೋರು, ಎರಡು ಸಲ ಮೆಲ್ಲಗೆ. ಮೂರು ಗಂಟೆಗೆ ಆ ಸಪ್ಪಳ ಕೇಳಿದರೆ ಓಣಿಯ ಹೆಂಗಸರು ಚಹಾಕ್ಕೆ ನೀರಿಡುತ್ತಿದ್ದರು. ಹೋದ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡ ಮೇಲೆ ಓಣಿಯಲ್ಲಿ ಚಹಾಕ್ಕೊಂದು ಗೊತ್ತಾದ ಹೊತ್ತೇ ಇಲ್ಲದಂತಾಗಿತ್ತು.

ಇಷ್ಟಕ್ಕೆ ಯಾಕೆ ಪಾಪಪ್ರಜ್ಞೆ? ಅದಕ್ಕೊಂದು ಹಿನ್ನೆಲೆಯಿದೆ, ಮತ್ತು ಆ ಹಿನ್ನೆಲೆಗೆ ಒಂದು ಗೋಡೆಯಿದೆ.

ಶಿವಿಯ ಅಪ್ಪ ಬಸವಲಿಂಗ, ಚಿಕ್ಕಪ್ಪ ಶಿವಕಾಂತ, ಇಬ್ಬರೂ ಬಚ್ಚಲ ನೀರು ಯಾವ ಕಡೆ ಹರಿಯಬೇಕೆಂಬ ತಾತ್ವಿಕ ಪ್ರಶ್ನೆಯ ಮೇಲೆ ಏಳು ವರ್ಷದ ಹಿಂದೆ ಬೇರೆಯಾಗಿದ್ದರು. ಮನೆಯ ನಟ್ಟನಡುವೆ ಗೋಡೆ ಎದ್ದಿತು. ಅಡುಗೆಮನೆ ಎರಡಾಯಿತು, ದೇವರ ಜಗಲಿ ಎರಡಾಯಿತು. ಎರಡಾಗದೆ ಉಳಿದವು ಎರಡೇ: ಒಂದು, ನಡುಮನೆಯ ಬೇವಿನ ತೊಲೆ. ಅದರ ತಲೆ ಅಣ್ಣನ ಪಾಲಿನಲ್ಲಿ, ಕಾಲು ತಮ್ಮನ ಪಾಲಿನಲ್ಲಿ, ಗೋಡೆ ಅದರ ಹೊಟ್ಟೆಯ ಕೆಳಗೆ. ಇನ್ನೊಂದು, ಅಜ್ಜಿ.

ಅಜ್ಜಿಯನ್ನು ಪಾಳಿಯ ಮೇಲೆ ಹಂಚಿಕೊಂಡರು. ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ. ಅಮಾವಾಸ್ಯೆಯ ದಿನ ಆಕೆ ಇಳಕಲ್ ಸೀರೆ ಉಟ್ಟು, ಹಣೆತುಂಬ ವಿಭೂತಿ ಹಚ್ಚಿ, ಪರವೂರಿಗೆ ಹೊರಟವಳಂತೆ ಎಲ್ಲರಿಗೂ “ಬರ್ತೀನವಾ, ಚಂದಾಗಿರ್ರಿ” ಎಂದು ಹೇಳಿ ಈ ಬಾಗಿಲಿಂದ ಹೊರಬಿದ್ದು, ಎಂಟು ಹೆಜ್ಜೆ ನಡೆದು, ಆ ಬಾಗಿಲಿಂದ ಒಳಹೋಗುತ್ತಿದ್ದಳು. ಹಿಂದೆ ಕುಟ್ಟಣಿ ಹಿಡಿದುಕೊಂಡು ಶಿವಿ. ಆ ಎಂಟು ಹೆಜ್ಜೆಯಲ್ಲಿ ಅಜ್ಜಿ ಅವಳಿಗೆ ದಾರಿಯ ಕಥೆ ಹೇಳುತ್ತಿದ್ದಳು. “ಈ ಊರು ದಾಟಿದ್ವಿ ನೋಡು, ಇನ್ನ ಹಳ್ಳ ಬರ್ತೈತಿ,” ಎಂದು ಬಚ್ಚಲ ಮೋರಿ ತೋರಿಸುತ್ತಿದ್ದಳು.

ಅಜ್ಜಿಯನ್ನು ಮಣ್ಣು ಮಾಡಿ ಬಂದ ದಿನ ಕುಟ್ಟಣಿ ಕಾಣಲಿಲ್ಲ. ಎರಡೂ ಮನೆಯವರು ಒಬ್ಬರನ್ನೊಬ್ಬರು ಕಳ್ಳರೆಂದರು. ಕೊನೆಗೆ ಚಿಕ್ಕಮ್ಮ ಪಂಪಮ್ಮ, “ಯಾರೋ ಪುಣ್ಯಾತ್ಮರು ಅತ್ತಿ ಉಡ್ಯಾಗ ಇಟ್ಟಾರ, ಕುಣಿಯಾಗ ಹೋಗ್ಯಾದ,” ಎಂದು ತೀರ್ಪು ಕೊಟ್ಟಳು. ಎಲ್ಲರೂ ಒಪ್ಪಿದರು.

ಕುಟ್ಟಣಿ ಕುಣಿಗೆ ಹೋಗಿರಲಿಲ್ಲ. ಶಿವಿಯ ಕಾಲೇಜಿನ ಬ್ಯಾಗಿನ ತಳದಲ್ಲಿ, ಪ್ರಾಕ್ಟಿಕಲ್ ಏಪ್ರನ್ನಿನಲ್ಲಿ ಸುತ್ತಿಕೊಂಡು ಮಲಗಿತ್ತು. ಅದನ್ನೂ ಪಾಳಿಗೆ ಹಾಕುತ್ತಾರೆಂದು ಹೆದರಿ ಅವಳೇ ಬಚ್ಚಿಟ್ಟಿದ್ದಳು.

ಹೀಗಾಗಿ ಅವತ್ತು ಮೂರು ಗಂಟೆಗೆ ನಾಲ್ಕು ಜೋರು, ಎರಡು ಮೆಲ್ಲಗೆ ಕೇಳಿದ್ದೇ ತಡ, ಗೋಡೆಯಾಚೆ ಒಂದು ಸ್ಟೀಲಿನ ಕೊಡ ಬಿತ್ತು. ಅದರ ಹಿಂದೆ ಪಂಪಮ್ಮನ ದನಿ ಎದ್ದಿತು.

“ಯವ್ವಾ! ಅತ್ತೀ! ಅತ್ತಿ ಬಂದಾಳ!”

ಪಂಪಮ್ಮ ಏಳು ವರ್ಷದಿಂದ ಭಾವನ ಜೊತೆ ಮಾತಾಡಿರಲಿಲ್ಲ. ಹೇಳಬೇಕಾದದ್ದನ್ನು ಬಾಗಿಲ ಮುಂದಿನ ಎಮ್ಮೆಗೆ ಹೇಳುತ್ತಿದ್ದಳು, ಭಾವ ಕೇಳಿಸಿಕೊಳ್ಳುತ್ತಿದ್ದ. ಅವತ್ತು ಎಮ್ಮೆಯನ್ನು ದಾಟಿಕೊಂಡು ನೇರ ಬಾಗಿಲಿಗೇ ಬಂದಳು.

“ಭಾವಾರ, ಕೇಳಿದ್ರೇನು?”

ಬಸವಲಿಂಗ ಅರ್ಧ ನಿದ್ದೆಯಿಂದ ಎದ್ದು ಕೂತಿದ್ದ. ಕಣ್ಣು ಒದ್ದೆಯಾಗಿದ್ದವು. “ಕೇಳೀನಿ. ನಾಕು ಜೋರು, ಎರಡು ಸಣ್ಣಗ.”

“ಕುಟ್ಟಣಿ ಮಣ್ಣಾಗೈತಿ,” ಅಂದಳು ಶಿವಿಯ ಅವ್ವ. “ಮತ್ತ ಕುಟ್ಟಿದ್ದು ಯಾರು?”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಶಿವಿಯ ಮುಖ ಯಾರೂ ನೋಡಲಿಲ್ಲ. ಅವಳು ಮನೆಯಲ್ಲಿದ್ದಾಳೆಂಬುದು ಆ ಮನೆಗೆ ಊಟದ ತಾಟು ಎಣಿಸುವಾಗ ಮಾತ್ರ ನೆನಪಾಗುತ್ತಿತ್ತು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಸಿಂಧನೂರಿನ ಅಂಗಡಿಯಿಂದ ಶಿವಕಾಂತನ ಫೋನು ಬಂತು. ಪಂಪಮ್ಮ ಖಬರು ಆಗಲೇ ಮುಟ್ಟಿಸಿದ್ದಳು. ಅವನು ಫೋನಿನಲ್ಲೇ ಅತ್ತ. ಸ್ಪೀಕರ್ ಹಾಕಿದ್ದರಿಂದ ಅಣ್ಣನೂ ಅತ್ತ. ಅಣ್ಣ ಅತ್ತದ್ದು ಕೇಳಿ ತಮ್ಮ ಇನ್ನಷ್ಟು ಅತ್ತ. ಇಂಥ ಹೊತ್ತಿನಲ್ಲಿ “ಅದು ನಾನು” ಎನ್ನಲು ಎಂಟೆದೆ ಬೇಕು. ಶಿವಿಗೆ ಇದ್ದದ್ದು ಒಂದೇ, ಅದೂ ಜೋರಾಗಿ ಬಡಿದುಕೊಳ್ಳುತ್ತಿತ್ತು.

ಮರುದಿನ ಮೂರಕ್ಕೆ ಎರಡೂ ಮನೆಯವರು ಅಣ್ಣನ ನಡುಮನೆಯಲ್ಲಿ ಚಾಪೆ ಹಾಸಿ ಕೂತರು. ಶಿವಕಾಂತ ಅಂಗಡಿ ಮುಚ್ಚಿ ಬಂದಿದ್ದ. ಇವತ್ತು ಏನೂ ಕೇಳದು, ಎಲ್ಲರೂ ಎದ್ದು ಹೋಗುತ್ತಾರೆ, ತನ್ನ ಪಾಪ ಅಲ್ಲಿಗೆ ಮುಗಿಯುತ್ತದೆ ಎಂದು ಶಿವಿ ಮೂಲೆಯಲ್ಲಿ ನೆಮ್ಮದಿಯಿಂದ ಕೂತಿದ್ದಳು.

ಟಕ್ಕ ಟಕ್ಕ ಟಕ್ಕ ಟಕ್ಕ ಟಕ್ಕ ಟಕ್ಕ.

ಸಪ್ಪಳ ಮೇಲಿನಿಂದ ಬಂತು. ತೊಲೆಯೊಳಗಿಂದ.

ಶಿವಿ ತಿರುಗಿ ತನ್ನ ಕೋಣೆಯ ಬಾಗಿಲು ನೋಡಿದಳು. ಅದು ಹಾಕಿಯೇ ಇತ್ತು. ಪಂಪಮ್ಮ ಮಾತ್ರ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, “ಕೈ ಸೋತಾವ ಮುದುಕೀದು. ನಿನ್ನಿಗಿಂತ ಸಣ್ಣಗ ಕುಟ್ಟಾಕತ್ತಾಳ. ಅಲ್ಲಿ ಊಟಕ್ಕ ಏನ್ ಕೊಡ್ತಾರೋ ಏನೋ,” ಅಂದಳು.

ದೆವ್ವಕ್ಕೆ ಹೆದರುವುದೋ ವಿಜ್ಞಾನಕ್ಕೆ ನಿಷ್ಠಳಾಗಿರುವುದೋ ಎಂದು ಶಿವಿ ಒಂದು ದಿನ ಯೋಚಿಸಿ, ಮರುದಿನ ಮನೆಯಲ್ಲಿ ಯಾರೂ ಇಲ್ಲದಾಗ ಏಣಿ ಹತ್ತಿದಳು. ತೊಲೆಯ ತುಂಬ ಸಾಸಿವೆ ಕಾಳಿನಷ್ಟು ತೂತುಗಳು. ಕೈಯಿಟ್ಟರೆ ಜೋಳದ ಹಿಟ್ಟಿನಂಥ ಪುಡಿ. ಅವಳು ಪೆನ್ಸಿಲ್ಲಿನ ಹಿಂಬದಿಯಿಂದ ಮೆಲ್ಲಗೆ ಆರು ಸಲ ಬಡಿದಳು. ಒಂದು ಕ್ಷಣ ಬಿಟ್ಟು ಒಳಗಿನಿಂದ ಉತ್ತರ ಬಂತು: ಟಕ್ಕ ಟಕ್ಕ ಟಕ್ಕ ಟಕ್ಕ ಟಕ್ಕ ಟಕ್ಕ.

ಅಂದು ಸಂಜೆ ಡೈರಿಗೆ ಬಹಳ ಕೆಲಸ ಬಿತ್ತು. “ಸಿಕ್ಕಿತು. ಕಣ್ಣಿನ ಔಷಧಿಯ ಖಾಲಿ ಬಾಟಲಿಯಲ್ಲಿ ಇಟ್ಟಿದ್ದೇನೆ. ಮರ ಕೊರೆಯುವ ಜೀರುಂಡೆ. ಎಳ್ಳಿಗಿಂತ ಸ್ವಲ್ಪ ದೊಡ್ಡದು, ಕಂದುಬಣ್ಣ. ಜೊತೆಗಾರರನ್ನು ಕರೆಯಲು ಸುರಂಗದ ಗೋಡೆಗೆ ಹಣೆ ಬಡಿಯುತ್ತದೆ. ಬೇರೆ ದೇಶಗಳಲ್ಲಿ ಇದರ ನೆಂಟರ ಸಪ್ಪಳ ಕೇಳಿ ಮನೆಯಲ್ಲಿ ಸಾವಾಗುತ್ತದೆ ಎಂದು ಹೆದರುತ್ತಿದ್ದರಂತೆ. ನಮ್ಮ ಮನೆಯಲ್ಲಿ ಸತ್ತವರು ಬಂದರೆಂದು ಚಹಾ ಕಾಸುತ್ತಾರೆ. ಮೇಲಿನಿಂದ ನೋಡಿದರೆ ಇದರ ತಲೆ ಕಾಣುವುದಿಲ್ಲ. ಎದೆಯ ಕವಚ ಮುಂದೆ ಚಾಚಿ ತಲೆ ಮುಚ್ಚಿದೆ, ಹೊರಗಿನವರು ಬಂದಾಗ ಅಜ್ಜಿ ಸೆರಗು ಎಳೆದುಕೊಂಡ ಹಾಗೆ.”

ಈ ಕೊನೆಯ ಸಾಲಿನ ಕೆಳಗೆ ಅವಳು ಗೆರೆ ಎಳೆದಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಚಿಕ್ಕಮ್ಮನ ಮನೆಯ ಹಳೇ ಗೋಣಿಚೀಲಗಳಲ್ಲಿ ಇನ್ನೊಂದು ಥರದ್ದು ಸಿಕ್ಕಿತು: ಗುಂಡು ಹೊಟ್ಟೆ, ಸಣ್ಣ ತಲೆ, ಉದ್ದ ಕಾಲು, ದೂರದಿಂದ ನೋಡಿದರೆ ಜೇಡ. ಅದೂ ಒಂದು ಬಾಟಲಿಗೆ ಹೋಯಿತು. ಡೈರಿಯಲ್ಲಿ ಅದರ ಪಕ್ಕ “ಹೋಲಿಕೆಗೆ: ಚಿಕ್ಕಪ್ಪ” ಎಂದಿತ್ತು.

ಇತ್ತ ಸುದ್ದಿ ಮಸ್ಕಿ ತುಂಬಿತು. ಎರಡು ಸಾವಿರ ವರ್ಷದಿಂದ ಅಶೋಕನ ಶಾಸನ ಊರ ಗುಡ್ಡದ ಮೇಲಿದೆ, ಅದನ್ನು ನೋಡಲು ಹೋಗದ ಜನ ಈ ತೊಲೆ ನೋಡಲು ಸಾಲು ಹಚ್ಚಿದರು. ಹಿಂದಿನ ಓಣಿಯ ಯಮನಮ್ಮ ಕಳೆದುಹೋದ ಆಡಿನ ಬಗ್ಗೆ ಕೇಳಿದಳು. ತೊಲೆ ಆರು ಸಲ ಕುಟ್ಟಿತು. ಆಡು ಆರನೇ ವಾರ್ಡಿನಲ್ಲಿ ಸಿಕ್ಕಿತು! ಆರನೇ ವಾರ್ಡಿನಲ್ಲಿ ಹುಲ್ಲಿರುವ ಖಾಲಿ ಜಾಗ ಇದೆ, ಊರಿನ ಆಡುಗಳೆಲ್ಲ ಅಲ್ಲೇ ಇರುತ್ತವೆ ಎಂಬುದು ಯಾರ ಗಮನಕ್ಕೂ ಬರಲಿಲ್ಲ.

ಪುರಸಭೆಯಿಂದ ಗುಮಾಸ್ತ ದುರುಗೇಶ ಬಂದ. ಬಗಲಲ್ಲಿ ಫೈಲು.

“ಹೋದ ವರ್ಷ ನಾವ ಮರಣ ಪ್ರಮಾಣಪತ್ರ ಕೊಟ್ಟೀವ್ರಿ,” ಅಂದ. “ಈಗ ನೋಡಿದ್ರ ಕುಟ್ಟಾಕತ್ತಾರಂತ ಊರೆಲ್ಲಾ ಮಾತು. ನಾಳೆ ಯಾರರ ಅರ್ಜಿ ಹಾಕಿದ್ರ ನಾ ಏನ್ ಬರೀಲಿ?”

“ಸತ್ತಾಳ, ಆದ್ರ ಮನ್ಯಾಗ ಅದಾಳ ಅಂತ ಬರೀ,” ಅಂದಳು ಪಂಪಮ್ಮ.

“ಅಂಥಾ ಕಾಲಮ್ ಇಲ್ರೀ.”

“ಕಾಲಮ್ ಇಲ್ಲಂದ್ರ ಗೆರಿ ಹೊಡ್ಕೋ. ಅಷ್ಟಕ್ಕ ಕುಟ್ಟಾಕಿ ಸುಮ್ನಿರ್ತಾಳೇನು?”

ದುರುಗೇಶ ಫೈಲಿನಲ್ಲಿ ಏನೋ ಬರೆದುಕೊಂಡು, ತೊಲೆಗೆ ಕೈಮುಗಿದು, ತನ್ನ ವರ್ಗಾವಣೆಯ ಬಗ್ಗೆಯೂ ಒಂದು ಮಾತು ಕೇಳಿ ಹೋದ.

ಆದರೆ ನಿಜವಾದ ತಕರಾರು ಅಮಾವಾಸ್ಯೆಗೆ ಬಂತು. ಸಪ್ಪಳ ಅಲ್ಲಿಯವರೆಗೆ ಅಣ್ಣನ ಕಡೆ ಕೇಳುತ್ತಿತ್ತು. ಶಿವಕಾಂತ ಬಂದು ಗಂಟಲು ಸರಿಮಾಡಿಕೊಂಡ. “ಅಣ್ಣಾ, ತಪ್ಪು ತಿಳೀಬ್ಯಾಡ. ಅವ್ವ ಹೋದಾಗ ನಮ್ಮ ಪಾಳಿ ಇನ್ನ ಹನ್ನೊಂದು ದಿನ ಬಾಕಿತ್ತು. ಆ ಲೆಕ್ಕಕ್ಕ ಈಗ ಆಕಿ ನಮ್ಮ ಕಡೆ ಕುಟ್ಟಬೇಕು.”

“ನಾ ಏನ್ ಹಿಡ್ಕೊಂಡೀನೇನೋ? ಕರ್ಕೊಂಡು ಹೋಗು!” ಅಂದ ಬಸವಲಿಂಗ.

ಕರೆದುಕೊಂಡು ಹೋಗಬೇಕೆಂದರೆ ಪದ್ಧತಿಯಿದೆ. ಇಳಕಲ್ ಸೀರೆಯನ್ನು ತಟ್ಟೆಯಲ್ಲಿಟ್ಟು, ಅದರ ಮೇಲೆ ಎಲೆ ಅಡಿಕೆ, ತಂಬಾಕಿನ ಚೂರು ಇಟ್ಟು, ಶಿವಿಯ ಕೈಗೆ ಕೊಟ್ಟರು. ಅವಳು ಈ ಬಾಗಿಲಿಂದ ಹೊರಟು, ಎಂಟು ಹೆಜ್ಜೆ ನಡೆದು, ಮೋರಿ ದಾಟಿ, ಆ ಬಾಗಿಲಿಂದ ಒಳಹೋದಳು. ಮೋರಿಯ ಹತ್ತಿರ ಅವಳ ಕಾಲು ತಾನಾಗಿ ನಿಂತಿತು. “ಹಳ್ಳ ಬಂತು,” ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಹುಳಗಳಿಗೆ ಪಾಳಿಯ ಶಿಸ್ತು ಎಲ್ಲಿಂದ ಬಂತೋ, ಅಥವಾ ಆ ಕಡೆಯೂ ಮೊದಲಿನಿಂದ ಇದ್ದವೋ, ಮರುದಿನ ಮೂರಕ್ಕೆ ತೊಲೆಯ ಕಾಲಿನ ಕಡೆಯಿಂದ ಟಕ್ಕ ಟಕ್ಕ ಕೇಳಿತು. ಪಂಪಮ್ಮ ಗೆದ್ದ ಮುಖ ಮಾಡಿದಳು. ಬಸವಲಿಂಗ ಸಪ್ಪಗಾದ. ಐದೇ ನಿಮಿಷಕ್ಕೆ ಚಹಾದ ಕಪ್ಪು ಹಿಡಿದುಕೊಂಡು ತಾನೂ ತಮ್ಮನ ಮನೆಗೆ ನಡೆದ.

ಅಲ್ಲಿಂದ ಶುರು. ದಿನಾ ಮೂರಕ್ಕೆ ಅಣ್ಣ ತಮ್ಮ ತೊಲೆಯ ಕೆಳಗೆ ಕೂತು ಚಹಾ ಕುಡಿಯತೊಡಗಿದರು. ಒಂದೇ ಜೋಡು ಚಪ್ಪಲಿಯಲ್ಲಿ ಇಬ್ಬರೂ ಶಾಲೆಗೆ ಹೋದದ್ದು ನೆನಪಾಯಿತು. ಬಲಗಾಲಿನದು ಅಣ್ಣನಿಗೆ, ಎಡಗಾಲಿನದು ತಮ್ಮನಿಗೆ. ಅವ್ವ ಕುಟ್ಟಿದ ಎಲೆ ಅಡಿಕೆ ಕದ್ದು ತಿಂದು ಇಬ್ಬರೂ ತಲೆ ತಿರುಗಿ ಕಣಜದ ಹಿಂದೆ ಬಿದ್ದದ್ದು ನೆನಪಾಯಿತು.

“ನೀ ಮೊದಲ ಬಿದ್ದಿ.”

“ಇಲ್ಲಲೇ, ನೀನಽ ಮೊದಲ.”

“ಅವ್ವನ್ನ ಕೇಳೋಣೇನು?”

ತೊಲೆ ಏಳು ಸಲ ಕುಟ್ಟಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಗೋಡೆಗೊರಗಿ ಕೂತ ಶಿವಿ ಅಂದು ಬರೆದಳು: “ಹೇಳಿದರೆ ಚಹಾ ನಿಲ್ಲುತ್ತದೆ. ಹೇಳದಿದ್ದರೆ ತೊಲೆ ಬೀಳುತ್ತದೆ. ಅಪ್ಪ ಕೀಟನಾಶಕದ ಅಂಗಡಿ ಇಟ್ಟಿದ್ದಾನೆ; ಊರಿನ ಹೊಲದ ಹುಳಕ್ಕೆಲ್ಲ ಔಷಧಿ ಕೊಡುತ್ತಾನೆ. ಮನೆಯ ಹುಳಕ್ಕೆ ಎಲೆ ಅಡಿಕೆ ಕೊಡುತ್ತಿದ್ದಾನೆ.”

ತನ್ನ ಬಾಯಿಂದ ಆಗದ ಕೆಲಸವನ್ನು ದೊಡ್ಡವರ ಬಾಯಿಂದ ಮಾಡಿಸುವುದು ನಾಚಿಕೆಯವರ ಹಳೇ ಉಪಾಯ. ಎರಡೂ ಬಾಟಲಿ ಹಿಡಿದು ಅವಳು ಲಿಂಗಸುಗೂರಿನ ಬಸ್ಸು ಹತ್ತಿದಳು. ಅದು ಕೊನೆಯ ಸ್ಟಾಪು, ನಿಲ್ಲಿಸಿ ಎನ್ನುವ ಸಂಕಟವಿರಲಿಲ್ಲ. ಅಲ್ಲಿ ಅವಳ ನಿವೃತ್ತ ಉಪನ್ಯಾಸಕ ನರಸಣ್ಣ ಮಾಸ್ತರು ಇದ್ದರು. ಮೂವತ್ತೆರಡು ಬ್ಯಾಚಿಗೆ ಒಂದೇ ನೋಟ್ಸ್ ಬರೆಸಿದವರು. ಹಾಳೆ ಹಳದಿಯಾಗಿತ್ತು, ಮಾತು ಹಸಿರಾಗೇ ಇತ್ತು.

ಮಾಸ್ತರು ಮಸೂರ ಹಿಡಿದು ಮೊದಲನೇ ಬಾಟಲಿ ನೋಡಿದರು. “ತಲಿ ಮುಚ್ಚಿಕೊಂಡೈತಿ. ಮೀಸಿ ಬುಡದಾಗ ದೂರ ದೂರ. ಅನೋಬಿಡೇ!” ಎರಡನೆಯದು ನೋಡಿದರು. “ಹೊಟ್ಟಿ ಗುಂಡು. ಮೀಸಿ ಬುಡ ಒತ್ತೊತ್ತಿಗೆ. ಟಿನಿಡೇ! ಬ್ಯಾರೆ ಬ್ಯಾರೆ ಮನೆತನ. ಬರಕೋ.”

ಶಿವಿ ನೆಲ ನೋಡಿದಳು. ಎರಡನೇ ವರ್ಷದ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಮಾಸ್ತರು ಅವಳ ಅರ್ಧ ಮಾರ್ಕು ಕಡಿದಿದ್ದರು. ಅವಳ ಉತ್ತರವೇ ಸರಿಯಿತ್ತು. ಆ ಅರ್ಧ ಮಾರ್ಕಿನ ದುಃಖಕ್ಕೆ ಡೈರಿಯಲ್ಲಿ ನಾಲ್ಕು ಪುಟ ಖರ್ಚಾಗಿತ್ತು, ಸ್ಟಾಫ್ ರೂಮಿನಲ್ಲಿ ಒಂದು ಶಬ್ದವೂ ಆಗಿರಲಿಲ್ಲ.

“ಸರ್... ಈಗ ಎರಡೂ ಒಂದ ಮಾಡ್ಯಾರ್ರೀ.”

“ಏನಂದಿ? ಜೋರಾಗಿ ಹೇಳು.”

“ಕುಟ್ಟೋವು, ಜೇಡನಂಥವು, ಎರಡೂ ಒಂದಽ ಮನೆತನ ಅಂತ್ರೀ. ಬ್ಯಾರೆ ಅಂತಿದ್ದದ್ದು ತೆಗದಾರ.”

“ಯಾರು ತೆಗದಾರ?”

“ವಿಜ್ಞಾನಿಗಳು.”

“ನನ್ನ ಕೇಳಿ ತೆಗದಾರೇನು?” ಮಾಸ್ತರು ಕನ್ನಡಕ ತೆಗೆದರು. “ಮೂವತ್ತೆರಡು ಬ್ಯಾಚಿಗೆ ಎರಡು ಅಂತ ಹೇಳೀನಿ. ಈಗ ಒಂದು ಅಂದ್ರ ಅವರನ್ನೆಲ್ಲಾ ವಾಪಸ್ ಕರಸಲೇನು? ಒಬ್ಬಾವ ತಹಶೀಲ್ದಾರ ಆಗ್ಯಾನ!”

“ಹೊರಗಿಂದ ಬ್ಯಾರೆ ಕಾಣ್ತಾವ್ರಿ. ಒಳಗಿನ ಸಂಬಂಧ ಒಂದ ಐತಂತ. ಎರಡು ಹೆಸರಿನ್ಯಾಗ ಯಾವ್ದು ಮೊದಲಿಟ್ಟಿದ್ದೋ ಅದನ್ನ ಉಳಿಸ್ಯಾರ. ಹಿರೇರ ಹೆಸರು.”

ಇಷ್ಟುದ್ದ ಮಾತನ್ನು ಅವಳು ಮೂರು ವರ್ಷದ ಕಾಲೇಜಿನಲ್ಲೂ ಆಡಿರಲಿಲ್ಲ. ಮಾಸ್ತರು ಒಪ್ಪಲಿಲ್ಲ. ಆದರೆ ಮಸ್ಕಿಗೆ ಬಂದು ಜನರಿಗೆ ತಿಳಿಹೇಳಲು ಒಪ್ಪಿದರು. ನಿವೃತ್ತಿಯ ನಂತರ ಅವರ ಮಾತು ಕೇಳಲು ನಲವತ್ತು ಜನ ಒಟ್ಟಿಗೆ ಕೂಡಿದ್ದಿಲ್ಲ.

ಭಾನುವಾರ ಮಾಸ್ತರು ತೊಲೆಯ ಕೆಳಗೆ ನಿಂತರು. ಓಣಿಯೆಲ್ಲ ಸೇರಿತ್ತು.

“ನೋಡ್ರಿ, ಇದು ಅಜ್ಜಿ ಅಲ್ಲ. ಹುಳ. ಬಡದ್ರ ತಿರುಗಿ ಬಡೀತೈತಿ. ಪ್ರಯೋಗ ಮಾಡಿ ತೋರಸ್ತೀನಿ.”

ಅವರು ಏಣಿ ಹತ್ತಿ ಪೆನ್ನಿನಿಂದ ತೊಲೆಗೆ ಬಡಿದರು: ಟಕ್ಕ ಟಕ್ಕ ಟಕ್ಕ.

ತೊಲೆ ಉತ್ತರ ಕೊಟ್ಟಿತು: ಟಕ್ಕ ಟಕ್ಕ ಟಕ್ಕ ಟಕ್ಕ ಟಕ್ಕ.

ಮಾಸ್ತರು ಗೆದ್ದವರಂತೆ ಕೆಳಗೆ ತಿರುಗಿ ನೋಡಿದರು. ಕೆಳಗೆ ಓಣಿಗೆ ಓಣಿಯೇ ಕೈಮುಗಿದು ನಿಂತಿತ್ತು.

“ಮಾಸ್ತರ ಕೂಡ ಮಾತಾಡಿದ್ಲು!” ಎಂದಳು ಯಮನಮ್ಮ. “ನಮಗ ತಾನಾಗಿ ಹೇಳತಿದ್ಲು, ಓದಿದೋರು ಬಂದು ಕರದ ಕೂಡ್ಲೆ ಓಗೊಟ್ಟಳ್ರೀ!”

ಪಂಪಮ್ಮ ಒಳಗೆ ಓಡಿ ಶಾಲು ತಂದಳು. ಮಾಸ್ತರು “ಅನೋಬಿಡೇ... ಅನೋಬಿಡೇ...” ಎನ್ನುತ್ತಿದ್ದಂತೆ ಅದು ಅವರ ಹೆಗಲ ಮೇಲೆ ಬಿತ್ತು. ಹಿಂದಿದ್ದವರು ಅದೇನೋ ಮಂತ್ರವೆಂದು ತಾವೂ ಗುನುಗಿದರು. ತೆಂಗಿನಕಾಯಿ, ಬಾಳೆಹಣ್ಣು ಹಿಡಿದು ಬಸ್ಸಿಗೆ ಹೊರಟ ಮಾಸ್ತರು ಶಿವಿಗೆ ಮೆಲ್ಲಗೆ ಅಂದರು: “ವಿಜ್ಞಾನ ನಾ ಹೇಳೀನಿ, ಕೇಳದಿದ್ರ ನಾ ಏನ್ ಮಾಡ್ಲಿ? ಶಾಲು ಮಾತ್ರ ಛಲೋ ಐತಿ.”

ಇದೆಲ್ಲದರ ಮೇಲೆ ಒಂದು ಶುಭಕಾರ್ಯ ಬಂತು. ಪಂಪಮ್ಮನ ಮಗಳು ಭುವನೇಶ್ವರಿ ಸಂತೆಕಲ್ಲೂರಿನ ಗಂಡನ ಮನೆಯಿಂದ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಹೆಣ್ಣುಮಗು ಹುಟ್ಟಿತ್ತು. ಹೆಸರಿಡುವ ದಿನ ಗೊತ್ತಾಯಿತು. ಹೆಸರು ಹಂಪಮ್ಮ, ಅದರಲ್ಲಿ ಎರಡು ಮಾತಿರಲಿಲ್ಲ. ದಿನ ಗೊತ್ತಾದಂದು ಚಹಾದ ಹೊತ್ತಿನಲ್ಲಿ ಬಸವಲಿಂಗ ಕಪ್ಪು ಕೆಳಗಿಟ್ಟು ಹೇಳಿದ:

“ಶಿವಕಾಂತ, ನಾವಿಬ್ರೂ ಆಡಿದ ತೊಟ್ಟಿಲ ಈ ತೊಲಿಗೇ ಕಟ್ಟಿತ್ತು. ನಟ್ಟನಡುವೆ.”

“ನಟ್ಟನಡುವೆ ಈಗ ಗ್ವಾಡಿ ಐತೆಲ್ಲಣ್ಣ.”

“ಕೆಡವಿದ್ರಾತು.”

ಏಳು ವರ್ಷದ ಗೋಡೆ ಒಂದು ಕಪ್ಪು ಚಹಾದಲ್ಲಿ ಕರಗಿತು. ಪಂಪಮ್ಮ ಶಿವಿಯ ಅವ್ವನ ಕೊರಳಿಗೆ ಬಿದ್ದು ಅತ್ತಳು. ಶಿವಿಗೂ ಅಳು ಬಂತು, ಆದರೆ ಅವಳದು ಬೇರೆ ಜಾತಿಯ ಅಳು. ಒಳಗೆ ಹಿಟ್ಟಾದ ಆ ತೊಲೆಯನ್ನು ಇಷ್ಟು ದಿನ ಹೊಟ್ಟೆಯ ಕೆಳಗಿನಿಂದ ಎತ್ತಿ ಹಿಡಿದದ್ದು ಆ ಗೋಡೆಯೇ ಎಂಬುದು ಅವಳೊಬ್ಬಳಿಗೆ ಗೊತ್ತಿತ್ತು.

ಅವಳೊಬ್ಬಳಿಗೇ ಅಲ್ಲ. ತೊಟ್ಟಿಲಿನ ಕೊಂಡಿ ಹಾಕಲು ಬಂದ ಮುದಿ ಬಡಿಗ ಬುಡ್ಡೇಸಾಬ್ ಸುತ್ತಿಗೆಯಿಂದ ತೊಲೆ ತಟ್ಟಿ, ಕಿವಿಗೊಟ್ಟು, ಹುಬ್ಬು ಗಂಟಿಕ್ಕಿದ.

“ಅಕ್ಕಾ, ತೊಲಿ ಟೊಳ್ಳು ಬರಾಕತ್ತೈತಿ.”

“ಏನಂದೀ?” ಪಂಪಮ್ಮ ಸೊಂಟಕ್ಕೆ ಕೈಕೊಟ್ಟಳು. “ನಮ್ಮತ್ತೀಗೆ ಟೊಳ್ಳು ಅಂತೀಯೇನೋ? ಆಕಿ ಇರೋ ಜಾಗ ಅದು! ಇರೋರಿಗೆ ಒಳಗ ಜಾಗ ಬ್ಯಾಡೇನು?”

ಬುಡ್ಡೇಸಾಬ್ ಅರವತ್ತು ವರ್ಷದಿಂದ ಮರದ ಜೊತೆ ಕೆಲಸ ಮಾಡಿದವನು, ಹೆಂಗಸರ ಜೊತೆ ವಾದ ಮಾಡಿದವನಲ್ಲ. ಶಿವಿಯ ಕಡೆ ಒಮ್ಮೆ ನೋಡಿದ. ಇಬ್ಬರೂ ನೆಲ ನೋಡಿದರು. ಕೊಂಡಿ ಹಾಕಿದ.

ಹೆಸರಿಡುವ ಹಿಂದಿನ ಸಂಜೆ ಶಿವಿ ಹೇಳಬೇಕಾದದ್ದನ್ನು ಡೈರಿಯಲ್ಲಿ ಬರೆದು ಬಾಯಿಪಾಠ ಮಾಡಿದಳು. ಮೊದಲನೇ ಕರಡು ಮೂರು ಪುಟ, ಚಿತ್ರಸಮೇತ. ಎರಡನೆಯದು ಒಂದು ಪುಟ, ವರ್ಗೀಕರಣ ತೆಗೆದು. ಮೂರನೆಯದನ್ನು ಅವ್ವನ ಮುಂದೆ ಹೇಳಿ ನೋಡಲು ಅಡುಗೆಮನೆಗೆ ಹೋದಳು. “ಅವ್ವಾ, ತೊಲ್ಯಾಗ—” ಅನ್ನುವಷ್ಟರಲ್ಲಿ ಅವ್ವ ಕೈಗೆ ಹೂರಣದ ಬೋಗುಣಿ ಕೊಟ್ಟಳು. “ತೊಲಿಗೆ ಎಡಿ ಮೊದಲು. ಗೊತ್ತೈತಿ. ಒಯ್ದಿಡು.”

ಹೆಸರಿಡುವ ದಿನ ಮನೆ ತುಂಬಿತ್ತು. ಸಂತೆಕಲ್ಲೂರಿನ ಬೀಗರು ಎರಡು ಟಂಟಂ ಆಟೊ ತುಂಬಿಕೊಂಡು ಬಂದಿದ್ದರು. ದುರುಗೇಶ ಫೈಲಿಲ್ಲದೆ ಬಂದಿದ್ದ. ನರಸಣ್ಣ ಮಾಸ್ತರು ಶಾಲು ಹೊದ್ದು ಮುಂದಿನ ಸಾಲಿನಲ್ಲಿದ್ದರು. ಗೋಡೆಯ ಒಂದು ಮಗ್ಗುಲಲ್ಲಿ ಆಳೆತ್ತರದ ಕಿಂಡಿ ಆಗಲೇ ಬಿದ್ದಿತ್ತು, ತೊಲೆಯ ಕೆಳಗಿನ ಭಾಗ ಮಾತ್ರ ಉಳಿದಿತ್ತು. ಅದರೊಳಗಿಂದ ಆಚೆ ಕಡೆಯ ದೇವರ ಜಗಲಿ ಕಾಣುತ್ತಿತ್ತು. ಏಳು ವರ್ಷದ ಮೇಲೆ ಒಂದೇ ಗಾಳಿ ಎರಡೂ ಕಡೆ ಹಾಯುತ್ತಿತ್ತು. ತೊಟ್ಟಿಲಿಗೆ ಬೇವಿನ ತೋರಣ, ಒಳಗೆ ಅಜ್ಜಿಯ ಇಳಕಲ್ ಸೀರೆಯ ಹಾಸಿಗೆ. ತೊಟ್ಟಿಲು ಕೊಂಡಿಗೆ ತೂಗಾಡುತ್ತಿತ್ತು, ಖಾಲಿ.

“ಮೂರಾತು,” ಅಂದ ಬಸವಲಿಂಗ. “ಅವ್ವ ಕುಟ್ಟೋ ಹೊತ್ತು. ಆಕಿ ಕುಟ್ಟಿದ ಕೂಡ್ಲೆ ಕೂಸು ಹಾಕ್ರಿ. ಶಿವಕಾಂತ, ನೀ ಉಳಿದ ಗ್ವಾಡಿಗೆ ಮೊದಲ ಏಟು ಹಾಕು.”

ಎಲ್ಲರೂ ತಲೆಯೆತ್ತಿ ಕಾದರು. ಪಂಪಮ್ಮ ಮೊಮ್ಮಗಳನ್ನು ಎರಡೂ ಕೈಯಲ್ಲಿ ಹಿಡಿದು ತೊಟ್ಟಿಲ ಮೇಲೆ ಬಾಗಿದಳು. ಶಿವಕಾಂತ ಸುತ್ತಿಗೆ ಎತ್ತಿದ.

ಟಕ್ಕ ಟಕ್ಕ ಟಕ್ಕ ಟಕ್ಕ ಟಕ್ಕ ಟಕ್ಕ.

“ಕುಟ್ಟಿದ್ಲು!” ಎಂದು ಮನೆಯೆಲ್ಲ ಕೂಗಿತು.

ತೊಲೆಯಿಂದ ಒಂದು ಎಳೆ ಪುಡಿ ಇಳಿದು, ಬಿಸಿಲುಕೋಲಿನಲ್ಲಿ ಮಿನುಗಿ, ಖಾಲಿ ತೊಟ್ಟಿಲಿನ ಇಳಕಲ್ ಸೀರೆಯ ಮೇಲೆ ಬಿತ್ತು. ಅದನ್ನು ನೋಡಿದವಳು ಒಬ್ಬಳೇ.

“ಕೂಸು ಹಾಕಬ್ಯಾಡ್ರೀ!”

ಯಾರ ದನಿ ಇದು ಎಂದು ಎಲ್ಲರೂ ಹಿಂದೆ ಮುಂದೆ ನೋಡಿದರು. ಸ್ವಂತ ಅಪ್ಪನೇ ಮೂರು ಜನರನ್ನು ನೋಡಿ ನಾಲ್ಕನೆಯದಾಗಿ ಮಗಳನ್ನು ನೋಡಿದ. ಶಿವಕಾಂತನ ಸುತ್ತಿಗೆ ಮೇಲೇ ನಿಂತಿತು. ಪಂಪಮ್ಮ ಕೂಸನ್ನು ಎದೆಗೆ ಅವಚಿಕೊಂಡಳು.

“ಏನವಾ? ಯಾಕ?”

ಮೂರೂ ಕರಡುಗಳು ಶಿವಿಯ ತಲೆಯಿಂದ ಒಟ್ಟಿಗೆ ಓಡಿಹೋದವು. ಮಾಸ್ತರು ನೆರವಿಗೆಂದು ಎದ್ದು ನಿಂತರು. “ಅದು ಅನ—” ಎಂದು ಶುರುಮಾಡಿ, ಅವಳ ಮುಖ ನೋಡಿ, ಶಾಲು ಸರಿಮಾಡಿಕೊಂಡು ಕೂತರು.

ಹುಳ ಎಂದರೆ ಯಾರೂ ನಂಬುವುದಿಲ್ಲ, ಶಾಲು ಹೊದಿಸುತ್ತಾರೆ. ಟೊಳ್ಳು ಎಂದರೆ ಬೈಯುತ್ತಾರೆ. ಅವಳು ಕೋಣೆಗೆ ಓಡಿದಳು. ಬ್ಯಾಗಿನ ತಳಕ್ಕೆ ಕೈಹಾಕಿ, ಏಪ್ರನ್ನಿನ ಗಂಟು ಬಿಚ್ಚುತ್ತಲೇ ಹೊರಗೆ ಬಂದಳು. ಅಂಗೈಯಗಲದ ಕಬ್ಬಿಣದ ಬಟ್ಟಲು, ಗೇಣುದ್ದದ ಸಲಾಕೆ. ಬಟ್ಟಲಿನ ಅಂಚಿಗೆ ಒಣಗಿದ ಸುಣ್ಣದ ಗೆರೆ ಇನ್ನೂ ಇತ್ತು, ಅಜ್ಜಿ ಬೆರಳು ಒರೆಸುತ್ತಿದ್ದ ಜಾಗದಲ್ಲಿ.

ಅವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಮಣ್ಣಿನೊಳಗಿದ್ದ ವಸ್ತು ಮಗಳ ಕೈಯಲ್ಲಿತ್ತು.

ಶಿವಿ ತೊಲೆಯ ಕೆಳಗೆ, ಅರ್ಧ ಬಿದ್ದ ಗೋಡೆಯ ಪಕ್ಕ ಕೂತಳು. ಬಟ್ಟಲನ್ನು ನೆಲಕ್ಕಿಟ್ಟು ಕುಟ್ಟಿದಳು. ನಾಲ್ಕು ಜೋರು. ಎರಡು ಮೆಲ್ಲಗೆ.

ಮೇಲಿನಿಂದ ತೊಲೆ ತನ್ನ ಸಣ್ಣ ದನಿಯಲ್ಲಿ ಉತ್ತರ ಕೊಟ್ಟಿತು. ಮೊದಲ ಸಲ ಎಲ್ಲರಿಗೂ ಎರಡೂ ಸಪ್ಪಳ ಒಟ್ಟಿಗೆ ಕೇಳಿದವು. ಎರಡೂ ಬೇರೆ ಬೇರೆ ಎಂಬುದು ಕಿವುಡರಿಗೂ ತಿಳಿಯುವಂತಿತ್ತು. ಬಸವಲಿಂಗ ಮೇಲೆ ನೋಡಿದ, ಕೆಳಗೆ ನೋಡಿದ. ಬುಡ್ಡೇಸಾಬ್ ಯಾರನ್ನೂ ಕೇಳದೆ ಏಣಿ ತಂದು ತೊಟ್ಟಿಲನ್ನು ಕೊಂಡಿಯಿಂದ ಇಳಿಸತೊಡಗಿದ. ಶಿವಕಾಂತ ಸುತ್ತಿಗೆಯನ್ನು ನೆಲಕ್ಕಿಟ್ಟು, ಕೈ ಎಲ್ಲಿಡಬೇಕೆಂದು ತಿಳಿಯದೆ ಅಣ್ಣನ ಹೆಗಲ ಮೇಲಿಟ್ಟ. ಅಣ್ಣ ಅದನ್ನು ತೆಗೆಯಲಿಲ್ಲ.

“ಯವ್ವಾ ಶಿವೀ,” ಎಂದ ಬಸವಲಿಂಗ, ದನಿ ಇಳಿಸಿ. “ಅವತ್ತು ಕುಟ್ಟಿದ್ದು...”

ಶಿವಿ ತಲೆಯೆತ್ತಿದಳು. ನಲವತ್ತು ಜನ ಅವಳನ್ನೇ ನೋಡುತ್ತಿದ್ದರು. ಅವಳು ಯಾರ ಕಣ್ಣನ್ನೂ ತಪ್ಪಿಸಲಿಲ್ಲ.

“ನಾನು,” ಎಂದಳು. “ಅಜ್ಜಿ ಬರಲಿಲ್ಲಪ್ಪಾ. ನನಗ ಆಕಿ ಬೇಕಾಗಿದ್ಲು.”